ನರದ ನೋವಿಗೆ ವಿದ್ಯುತ್ ಸೂಜಿ

ಚೀನದ ಹಳೆಯ ಸೂಜಿ ಚಿಕಿತ್ಸೆಗೆ ವಿದ್ಯುತ್ತಿನ ತಂತಿ ಸೇರಿಕೊಂಡ ಕಥೆ ಕುತೂಹಲಕರವಾದದ್ದು. ಮೊಲ, ಇಲಿಗಳಿಂದ ಹಿಡಿದು ಮನುಷ್ಯರವರೆಗೆ ನಡೆದಿರುವ ಪರೀಕ್ಷೆಗಳು ಏನು ಹೇಳುತ್ತವೆ? ಮನೆಯಲ್ಲಿ ನರನೋವಿನಿಂದ ಬಳಲುವ ಹಿರಿಯರಿದ್ದರೆ ಈ ಚಿಕಿತ್ಸೆಯಿಂದ ಎಷ್ಟನ್ನು ನಿರೀಕ್ಷಿಸಬಹುದು?

ಮೈಮೇಲೆ ಗಾಯವಿಲ್ಲ, ಊತವಿಲ್ಲ. ಆದರೂ ಅಂಗಾಲು ಕೆಂಡ ತುಳಿದಂತೆ ಉರಿಯುತ್ತದೆ. ರಾತ್ರಿ ಹೊದೆದ ದುಪ್ಪಟಿಯ ಅಂಚು ತಾಗಿದರೂ ಮುಳ್ಳು ಚುಚ್ಚಿದಂತಾಗುತ್ತದೆ. ಬಹಳ ವರ್ಷ ಸಕ್ಕರೆ ಕಾಯಿಲೆಯೊಡನೆ ಬಾಳಿದ ಅನೇಕರಿಗೆ ಈ ಅನುಭವ ಹೊಸದಲ್ಲ. ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳೇ ಕಳೆದರೂ ಕೆಲವರಿಗೆ ಪಕ್ಕೆಯ ಉರಿ ಆರುವುದಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚು ಹರಿದಂತೆ ನೋಯುವ ಸಯಾಟಿಕ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಬೆರಳುಗಳು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆ ಇವೆಲ್ಲವೂ ಒಂದೇ ಬಳಗಕ್ಕೆ ಸೇರಿದವು. ವೈದ್ಯರು ಇವನ್ನು ನರಮೂಲದ ನೋವು ಎನ್ನುತ್ತಾರೆ.

ಈ ನೋವಿನ ದೊಡ್ಡ ಕಷ್ಟವೆಂದರೆ ಅದು ಇತರರ ಕಣ್ಣಿಗೆ ಕಾಣದಿರುವುದು. ‘ಅಜ್ಜ ಸುಮ್ಮನೆ ಗೊಣಗುತ್ತಾರೆ’, ‘ಅತ್ತೆಗೆ ವಯಸ್ಸಾಯಿತು, ಅದಕ್ಕೆ ಹೀಗೆ’ ಎಂದು ಮನೆಮಂದಿಯೇ ಕಡೆಗಣಿಸುವುದುಂಟು. ನೋಯುವವರ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಮಾತು ಸಿಡುಕಾಗುತ್ತದೆ. ಆದ್ದರಿಂದ ಈ ನೋವು ಎಂಥದೆಂದು ತಿಳಿಯುವುದೇ ಪರಿಹಾರದ ಮೊದಲ ಹೆಜ್ಜೆ.

ಗಂಟೆಯ ತಂತಿಯೇ ಕೆಟ್ಟರೆ

ಸಾಮಾನ್ಯ ನೋವು ದೇಹದ ಎಚ್ಚರಿಕೆಯ ಗಂಟೆ. ಬೆರಳಿಗೆ ಬಿಸಿ ತಾಗಿದರೆ ನರಗಳು ಸುದ್ದಿಯನ್ನು ಬೆನ್ನುಹುರಿಗೂ ಅಲ್ಲಿಂದ ಮೆದುಳಿಗೂ ಮುಟ್ಟಿಸುತ್ತವೆ. ಕೈ ಹಿಂದಕ್ಕೆ ಬರುತ್ತದೆ, ಗಾಯ ಮಾಯುತ್ತದೆ, ಗಂಟೆ ನಿಲ್ಲುತ್ತದೆ. ನರಮೂಲದ ನೋವಿನಲ್ಲಿ ಹಾಗಲ್ಲ. ಇಲ್ಲಿ ಗಂಟೆಗೆ ಹೋಗುವ ತಂತಿಯೇ ಕೆಟ್ಟಿರುತ್ತದೆ. ಯಾರೂ ಗುಂಡಿ ಒತ್ತದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ದಿನಗಳೆದಂತೆ ಬೆನ್ನುಹುರಿಯ ಜೀವಕೋಶಗಳೂ ಅತಿಸೂಕ್ಷ್ಮವಾಗಿ, ಬರಿಯ ಸ್ಪರ್ಶವನ್ನೂ ನೋವೆಂದೇ ವರದಿ ಮಾಡತೊಡಗುತ್ತವೆ.

ಆದ್ದರಿಂದಲೇ ತಲೆನೋವು, ಮೈಕೈನೋವಿಗೆ ನುಂಗುವ ಸಾಮಾನ್ಯ ಮಾತ್ರೆಗಳು ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ವೈದ್ಯರು ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳಂಥ ನರಗಳ ಮೇಲೆ ಕೆಲಸ ಮಾಡುವ ಔಷಧಿಗಳನ್ನು ಕೊಡುತ್ತಾರೆ. ಇವುಗಳಿಂದ ಹಲವರಿಗೆ ಗುಣ ಕಾಣುತ್ತದೆ. ಆದರೆ ಎಲ್ಲರಿಗೂ ಅಲ್ಲ. ಕೆಲವರಿಗೆ ಮಂಪರು, ತಲೆಸುತ್ತು ಕಾಡುತ್ತವೆ. ಔಷಧಿ ಅರ್ಧ ಗುಣ ಕೊಟ್ಟು ನಿಂತಾಗ ಕುಟುಂಬಗಳು ಬೇರೆ ದಾರಿ ಹುಡುಕುವುದು ಸಹಜ. ಅಂಥ ದಾರಿಗಳಲ್ಲಿ ಎಲೆಕ್ಟ್ರೋ ಅಕ್ಯುಪಂಕ್ಚರ್ ಒಂದು.

ಮೀನಿನಿಂದ ಸೂಜಿಯವರೆಗೆ

ನೋವಿಗೆ ವಿದ್ಯುತ್ತಿನ ಮದ್ದು ಇಂದಿನದಲ್ಲ. ವಿದ್ಯುತ್ ಎಂಬ ಹೆಸರೇ ಇಲ್ಲದಿದ್ದ ಒಂದನೆಯ ಶತಮಾನದಲ್ಲಿ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವು ಮತ್ತು ಕೀಲುವಾತಕ್ಕೆ ಟಾರ್ಪೆಡೊ ಎಂಬ ವಿದ್ಯುತ್ ಮೀನನ್ನು ಮೈಗೆ ತಾಗಿಸುವ ಉಪಾಯವನ್ನು ಬರೆದಿಟ್ಟಿದ್ದ. ಮೀನು ಕೊಟ್ಟ ಆಘಾತದಿಂದ ಆ ಭಾಗ ಮರಗಟ್ಟಿ ನೋವು ತಗ್ಗುತ್ತಿತ್ತು.

ಸೂಜಿಗೆ ವಿದ್ಯುತ್ ಹಾಯಿಸಿದ್ದು ಚೀನದಲ್ಲಿ ಮೊದಲೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ನಡೆದದ್ದು ಫ್ರಾನ್ಸ್‌ನಲ್ಲಿ. ಪ್ರಸಿದ್ಧ ಸಂಗೀತಕಾರ ಹೆಕ್ಟರ್ ಬೆರ್ಲಿಯೋಜ್‌ನ ತಂದೆ, ವೈದ್ಯ ಲೂಯಿ ಬೆರ್ಲಿಯೋಜ್ 1816ರಲ್ಲೇ ಸೂಜಿಗೆ ವಿದ್ಯುತ್ ಸೇರಿಸಿದರೆ ಪರಿಣಾಮ ಹೆಚ್ಚೀತೆಂದು ಸೂಚಿಸಿದ್ದ. 1825ರಲ್ಲಿ ಸಾರ್ಲಾಂಡಿಯೇರ್ ಎಂಬ ವೈದ್ಯ ಅದನ್ನು ಮಾಡಿ ನೋಡಿ ಪುಸ್ತಕವನ್ನೇ ಪ್ರಕಟಿಸಿದ. ಆಮೇಲೆ ಈ ವಿಚಾರ ಮರೆಗೆ ಸರಿಯಿತು.

ಅದು ಮತ್ತೆ ತಲೆ ಎತ್ತಿದ್ದು 1958ರ ಚೀನದಲ್ಲಿ. ಅಲ್ಲಿನ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನೋವು ತಡೆಯಲು ಸೂಜಿಗಳನ್ನು ಬಳಸತೊಡಗಿದವು. ಸೂಜಿ ಚುಚ್ಚಿದರೆ ಸಾಲದು, ಅದನ್ನು ಬೆರಳಿನಿಂದ ತಿರುಗಿಸುತ್ತಲೇ ಇರಬೇಕು. ಗಂಟೆಗಟ್ಟಲೆ ನಡೆಯುವ ಶಸ್ತ್ರಚಿಕಿತ್ಸೆಯಲ್ಲಿ ಹೀಗೆ ತಿರುಗಿಸುವವರ ಕೈ ಸೋಲುತ್ತಿತ್ತು. ಆ ಕೆಲಸವನ್ನು ಬ್ಯಾಟರಿಯ ಪುಟ್ಟ ಪೆಟ್ಟಿಗೆಗೆ ವಹಿಸಲಾಯಿತು. ಕೈಯ ದಣಿವು ತಪ್ಪಿಸಲು ಬಂದ ಪೆಟ್ಟಿಗೆ ಮುಂದೆ ಒಂದು ಚಿಕಿತ್ಸಾ ಕ್ರಮವೇ ಆಯಿತು.

ಹೊರಜಗತ್ತಿಗೆ ಇದರ ಸುದ್ದಿ ಹಬ್ಬಿಸಿದವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜೇಮ್ಸ್ ರೆಸ್ಟನ್. 1971ರ ಜುಲೈನಲ್ಲಿ ಚೀನಕ್ಕೆ ಹೋಗಿದ್ದ ಅವರಿಗೆ ಪೀಕಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಯಿತು. ಸೂಜಿಯ ಬಲದಿಂದಲೇ ಅವರ ಹೊಟ್ಟೆ ಕೊಯ್ದರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಅದು ನಿಜವಲ್ಲ. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆಯ ಚುಚ್ಚುಮದ್ದಿನಿಂದ. ಆಮೇಲೆ ಕಾಡಿದ ಹೊಟ್ಟೆಯುಬ್ಬರಕ್ಕೆ ಮಾತ್ರ ಮೊಣಕೈ ಮತ್ತು ಮೊಣಕಾಲುಗಳ ಕೆಳಗೆ ಸೂಜಿ ಚುಚ್ಚಿದ್ದರು. ಇದನ್ನು ರೆಸ್ಟನ್ ತಮ್ಮ ವರದಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು. ಬಾಯಿಂದ ಬಾಯಿಗೆ ಹೋದ ಸುದ್ದಿ ಬೆಳೆದುಬಿಟ್ಟಿತು! ಚೀನದಲ್ಲಿ ಸೂಜಿಯ ಅರಿವಳಿಕೆಯಡಿ ನಡೆದ ಹಲವು ಶಸ್ತ್ರಚಿಕಿತ್ಸೆಗಳಲ್ಲೂ ರೋಗಿಗಳಿಗೆ ಒಂದಿಷ್ಟು ನೋವುನಿವಾರಕ, ಶಾಮಕ ಔಷಧಿಗಳನ್ನು ಜತೆಗೇ ಕೊಡುತ್ತಿದ್ದರೆಂಬುದು ಆಮೇಲೆ ತಿಳಿಯಿತು.

ಎರಡು ಮೊಲಗಳ ಸಾಕ್ಷಿ

ಉತ್ಪ್ರೇಕ್ಷೆಯ ಹೊಗೆಯ ನಡುವೆ ಕಿಡಿ ಇದೆಯೇ ಎಂದು ಹುಡುಕಿದವರು ಪೀಕಿಂಗ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಜ್ಞಾನಿ ಹಾನ್ ಜಿಶೆಂಗ್. 1928ರಲ್ಲಿ ಹುಟ್ಟಿದ ಹಾನ್ ಕಲಿತದ್ದು ಆಧುನಿಕ ವೈದ್ಯವನ್ನು. 1965ರಲ್ಲಿ, ಸೂಜಿ ನೋವನ್ನು ಹೇಗೆ ತಗ್ಗಿಸುತ್ತದೆಂದು ಕಂಡುಹಿಡಿಯುವ ಕೆಲಸ ಅವರ ಪಾಲಿಗೆ ಬಂತು. ಮೊದಲಿಗೆ ಅವರಿಗೂ ಇದರಲ್ಲಿ ಅಷ್ಟೇನೂ ನಂಬಿಕೆ ಇರಲಿಲ್ಲ.

ಹಾನ್ ಮೊದಲು ಆರೋಗ್ಯವಂತ ಸ್ವಯಂಸೇವಕರ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ‘ಹೆಗು’ ಬಿಂದುವಿಗೆ ಸೂಜಿ ಹಾಕಿಸಿ, ಚರ್ಮ ನೋವನ್ನು ಎಷ್ಟರವರೆಗೆ ತಾಳುತ್ತದೆಂದು ಅಳೆದರು. ತಾಳಿಕೆ ಒಮ್ಮೆಗೇ ಏರಲಿಲ್ಲ. ಸುಮಾರು ಅರ್ಧ ಗಂಟೆ ನಿಧಾನವಾಗಿ ಏರಿತು, ಸೂಜಿ ತೆಗೆದ ಮೇಲೆ ನಿಧಾನವಾಗಿಯೇ ಇಳಿಯಿತು. ಪರಿಣಾಮ ಬರಿಯ ನರದ ಮಿಡಿತದಿಂದ ಆಗಿದ್ದರೆ ದೀಪದ ಗುಂಡಿ ಒತ್ತಿದಂತೆ ತಟ್ಟನೆ ಬಂದು ತಟ್ಟನೆ ಹೋಗಬೇಕಿತ್ತು. ಹೀಗೆ ಮೆಲ್ಲನೆ ಏರಿ ಮೆಲ್ಲನೆ ಇಳಿಯಬೇಕಾದರೆ ಯಾವುದೋ ರಾಸಾಯನಿಕ ವಸ್ತು ಸ್ರವಿಸುತ್ತಿರಬೇಕು ಎಂದು ಹಾನ್ ತರ್ಕಿಸಿದರು.

ಆ ತರ್ಕವನ್ನು 1972ರಲ್ಲಿ ಮೊಲಗಳ ಮೇಲೆ ಪರೀಕ್ಷಿಸಿದರು. ಒಂದು ಮೊಲಕ್ಕೆ ಸೂಜಿ ಚಿಕಿತ್ಸೆ ಕೊಟ್ಟು, ಅದರ ಮೆದುಳಿನ ಸುತ್ತಲ ದ್ರವವನ್ನು ತೆಗೆದು, ಸೂಜಿಯನ್ನೇ ಕಾಣದ ಮತ್ತೊಂದು ಮೊಲದ ಮೆದುಳಿಗೆ ಸೇರಿಸಿದರು. ಆ ಎರಡನೆಯ ಮೊಲದ ನೋವಿನ ತಾಳಿಕೆಯೂ ಹೆಚ್ಚಿತು! ಸೂಜಿ ಚಿಕಿತ್ಸೆ ಆಗದ ಮೊಲದ ದ್ರವವನ್ನು ಕೊಟ್ಟಾಗ ಹಾಗಾಗಲಿಲ್ಲ. ನೋವು ತಡೆಯುವ ವಸ್ತುವೊಂದು ದ್ರವದೊಂದಿಗೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿತ್ತು. ಮೊಲಕ್ಕೆ ಸೂಜಿಯ ಮೇಲೆ ಶ್ರದ್ಧೆಯೂ ಇಲ್ಲ, ಅಶ್ರದ್ಧೆಯೂ ಇಲ್ಲ. ಪ್ರಯೋಗದ ಬಲ ಇದ್ದದ್ದು ಅಲ್ಲಿಯೇ.

ಆ ವಸ್ತು ಯಾವುದು? ಉತ್ತರ ಬಂದದ್ದು ಬೇರೆ ದಿಕ್ಕಿನಿಂದ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್ ಅವರು ಮೆದುಳು ತಾನೇ ತಯಾರಿಸುವ, ಅಫೀಮಿನಂತೆ ನೋವು ತಗ್ಗಿಸುವ ‘ಎಂಕೆಫಲಿನ್’ಗಳನ್ನು ಕಂಡುಹಿಡಿದರು. ಅಫೀಮಿನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧಿ ಆಗಲೇ ಇತ್ತು. 1976ರಲ್ಲಿ ಕೆನಡದ ಬ್ರೂಸ್ ಪೊಮೆರಾನ್ಜ್ ಇಲಿಗಳಲ್ಲಿ, 1977ರಲ್ಲಿ ಅಮೆರಿಕದ ಡೇವಿಡ್ ಮೇಯರ್ ಮತ್ತು ಸಂಗಡಿಗರು ಮನುಷ್ಯರ ಹಲ್ಲಿನ ನೋವಿನಲ್ಲಿ, ನಲೋಕ್ಸೋನ್ ಕೊಟ್ಟರೆ ಸೂಜಿಯ ಪರಿಣಾಮ ಕುಗ್ಗುವುದೆಂದು ತೋರಿಸಿದರು. ಅಂದರೆ ಸೂಜಿ ಹೊರಗಿನಿಂದ ಮದ್ದು ತರುವುದಿಲ್ಲ, ದೇಹದೊಳಗಿನ ಔಷಧಾಲಯದ ಬಾಗಿಲು ತಟ್ಟುತ್ತದೆ.

ಎರಡಕ್ಕೊಂದು, ನೂರಕ್ಕೊಂದು

ಸಾಮಾನ್ಯ ಸೂಜಿಗೂ ವಿದ್ಯುತ್ ಸೂಜಿಗೂ ಇರುವ ಮುಖ್ಯ ವ್ಯತ್ಯಾಸ ಅಳತೆ. ಒಬ್ಬರು ಕೈಯಲ್ಲಿ ತಿರುಗಿಸಿದಂತೆ ಇನ್ನೊಬ್ಬರು ತಿರುಗಿಸಲಾರರು. ಯಂತ್ರವಾದರೆ ಸೆಕೆಂಡಿಗೆ ಎಷ್ಟು ಮಿಡಿತ, ಎಷ್ಟು ಮಿಲಿಆಂಪಿಯರ್ ಪ್ರವಾಹ, ಎಷ್ಟು ನಿಮಿಷ ಎಂಬುದನ್ನು ಬರೆದಿಡಬಹುದು, ಮತ್ತೊಂದು ಊರಿನಲ್ಲಿ ಹಾಗೆಯೇ ಮಾಡಿ ನೋಡಬಹುದು.

ಹಾನ್ ಅವರ ಪ್ರಯೋಗಾಲಯ ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿತು. ಸೆಕೆಂಡಿಗೆ 2 ಮಿಡಿತ, ಅಂದರೆ 2 ಹರ್ಟ್ಸ್ ಆವೃತ್ತಿಯಲ್ಲಿ ಎಂಕೆಫಲಿನ್ ಮತ್ತು ಬೀಟಾ ಎಂಡಾರ್ಫಿನ್‌ಗಳು ಬಿಡುಗಡೆಯಾದರೆ, 100 ಹರ್ಟ್ಸ್‌ನಲ್ಲಿ ಡೈನಾರ್ಫಿನ್ ಎಂಬ ಇನ್ನೊಂದು ವಸ್ತು ಬೆನ್ನುಹುರಿಯಲ್ಲಿ ಬಿಡುಗಡೆಯಾಗುತ್ತದೆಂದು ಅವರು ತೋರಿಸಿದರು. 1991ರಲ್ಲಿ, ಚರ್ಮದ ಮೇಲಿನಿಂದಲೇ ವಿದ್ಯುತ್ ಹಾಯಿಸಿ, ಮನುಷ್ಯರ ಬೆನ್ನುಹುರಿಯ ದ್ರವದಲ್ಲೂ ಇಂಥದೇ ವ್ಯತ್ಯಾಸ ಕಂಡರು. ರೇಡಿಯೋದ ತಿರುಗಣೆಯಂತೆ, ಆವೃತ್ತಿ ಬದಲಿಸಿದರೆ ಬೇರೆ ನಿಲಯ! 2 ಮತ್ತು 100 ಹರ್ಟ್ಸ್‌ಗಳನ್ನು ಮೂರು ಮೂರು ಸೆಕೆಂಡಿಗೊಮ್ಮೆ ಅದಲು ಬದಲು ಮಾಡಿದರೆ ಎರಡೂ ಬಗೆಯ ವಸ್ತುಗಳು ಒಟ್ಟಿಗೆ ಕೆಲಸ ಮಾಡುತ್ತವೆಂಬ ಆಧಾರದ ಮೇಲೆ ಯಂತ್ರಗಳೂ ತಯಾರಾದವು.

ಇನ್ನೊಂದು ಸಂಗತಿಯೂ ಅಲ್ಲಿಯೇ ಬಯಲಾಯಿತು. ಇಲಿಗಳಿಗೆ ಗಂಟೆಗಟ್ಟಲೆ ಬಿಡದೆ ವಿದ್ಯುತ್ ಕೊಟ್ಟರೆ ಪರಿಣಾಮ ಹೆಚ್ಚುವ ಬದಲು ಕುಗ್ಗಿತು. ದೇಹವು ಕೋಲಿಸಿಸ್ಟೋಕೈನಿನ್ ಎಂಬ ವಸ್ತುವನ್ನು ಸ್ರವಿಸಿ ತನ್ನದೇ ನೋವುನಿವಾರಕಕ್ಕೆ ಎದುರು ನಿಲ್ಲುತ್ತದೆ. ಈ ವಸ್ತು ಹೆಚ್ಚಾಗಿರುವ ಇಲಿಗಳಿಗೆ ಮೊದಲಿನಿಂದಲೂ ಸೂಜಿ ಅಷ್ಟಾಗಿ ನಾಟುವುದಿಲ್ಲ. ‘ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಗುಣ’ ಎಂಬ ಎಣಿಕೆ ಇಲ್ಲಿ ಸಲ್ಲದು.

ನರನೋವಿನ ವಿಷಯದಲ್ಲಿ ಆವೃತ್ತಿಯ ಮಾತು ಇನ್ನೂ ಮುಖ್ಯ. ನರಕ್ಕೆ ಗಾಯವಾದ ಇಲಿಗಳಲ್ಲಿ 100 ಹರ್ಟ್ಸ್‌ಗಿಂತ 2 ಹರ್ಟ್ಸ್ ಹೆಚ್ಚು ಫಲ ಕೊಟ್ಟಿತು. 2007ರಲ್ಲಿ ಪ್ರಕಟವಾದ ಇದೇ ತಂಡದ ಅಧ್ಯಯನದ ಪ್ರಕಾರ, ಅತಿಸೂಕ್ಷ್ಮವಾಗಿದ್ದ ಬೆನ್ನುಹುರಿಯ ಸಂಪರ್ಕಗಳನ್ನು 2 ಹರ್ಟ್ಸ್ ಶಾಂತಗೊಳಿಸಿದರೆ, 100 ಹರ್ಟ್ಸ್ ಅವನ್ನು ಮತ್ತಷ್ಟು ಬಲಪಡಿಸಿತು. ಒಂದೇ ಯಂತ್ರ, ಒಂದೇ ಸೂಜಿ. ಗುಂಡಿ ತಪ್ಪಿ ತಿರುಗಿಸಿದರೆ ಫಲಿತಾಂಶವೇ ತಿರುವುಮುರುವು.

ಮನುಷ್ಯರಿಗೆ ಎಷ್ಟು ಗುಣ?

ಇಲಿಗೆ ಹಿಡಿಸಿದ್ದೆಲ್ಲ ಮನುಷ್ಯನಿಗೆ ಹಿಡಿಸಬೇಕೆಂದಿಲ್ಲ. ಕಾಲಿನ ನರನೋವಿರುವ 126 ಮಧುಮೇಹಿಗಳ ಮೇಲೆ ದಕ್ಷಿಣ ಕೊರಿಯದಲ್ಲಿ ನಡೆದ ಪರೀಕ್ಷೆಯ ವರದಿ 2018ರಲ್ಲಿ ‘ಡಯಾಬಿಟಿಸ್ ಕೇರ್’ ಪತ್ರಿಕೆಯಲ್ಲಿ ಬಂತು. ವಾರಕ್ಕೆರಡು ಬಾರಿಯಂತೆ ಎಂಟು ವಾರ ವಿದ್ಯುತ್ ಸೂಜಿ ಹಾಕಿಸಿಕೊಂಡವರ ನೋವು ಸರಾಸರಿ ಶೇ. 21ರಷ್ಟು ಇಳಿಯಿತು. ಹಾಕಿಸಿಕೊಳ್ಳದವರಲ್ಲಿ ಇಳಿದದ್ದು ಶೇ. 9ರಷ್ಟು. ನೋವು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿದವರು ಮೊದಲ ಗುಂಪಿನಲ್ಲಿ ಶೇ. 16, ಎರಡನೆಯದರಲ್ಲಿ ಶೇ. 6. ಲಾಭ ಉಂಟು, ಆದರೆ ಪವಾಡವಲ್ಲ. ನೂರಕ್ಕೆ ನೂರು ಗುಣ ಎಂದು ಫಲಕ ಹಾಕಿದವರ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಈ ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹೋಲಿಕೆಯ ಗುಂಪಿಗೆ ಯಾವ ಸೂಜಿಯನ್ನೂ ಹಾಕಿರಲಿಲ್ಲ. ವಾರಕ್ಕೆರಡು ಸಲ ವೈದ್ಯರ ಹತ್ತಿರ ಹೋಗಿ, ಮಲಗಿ, ಆರೈಕೆ ಪಡೆದದ್ದರಿಂದಲೇ ಒಂದಷ್ಟು ಗುಣವಾಗಿರಬಹುದಲ್ಲ? ಮಾತ್ರೆಯಾದರೆ ಅದೇ ಬಣ್ಣದ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಸೂಜಿಗೆ ಅಂಥ ಹುಸಿ ಎಲ್ಲಿಂದ ತರುವುದು? ಇದಕ್ಕೂ ಉಪಾಯಗಳಿವೆ. ಮೊಂಡು ತುದಿಯ, ಒತ್ತಿದರೆ ಹಿಡಿಯೊಳಗೆ ಜಾರಿಕೊಳ್ಳುವ ಸೂಜಿ ಅವುಗಳಲ್ಲೊಂದು. ನಾಟಕದ ಕಠಾರಿಯಂತೆ ಅದು ಚುಚ್ಚಿದಂತೆ ಕಾಣುತ್ತದೆ, ಒಳಗೆ ಹೋಗುವುದಿಲ್ಲ. ತಂತಿ ಜೋಡಿಸಿ, ವಿದ್ಯುತ್ ಹಾಯಿಸದೆ ಬಿಡುವುದು ಇನ್ನೊಂದು.

ಇಂಥ ಹುಸಿ ಚಿಕಿತ್ಸೆಯೊಡನೆ ಹೋಲಿಸಿದ ಒಂದು ಉತ್ತಮ ಪರೀಕ್ಷೆ ಕಾರ್ಪಲ್ ಟನಲ್ ತೊಂದರೆಯದು. ಅಮೆರಿಕದ ಬಾಸ್ಟನ್‌ನಲ್ಲಿ ವಿಟಾಲಿ ನಪಡೋ ಅವರ ತಂಡ ನಡೆಸಿದ ಇದರ ವರದಿ 2017ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆ ಮುಗಿದಾಗ ನಿಜವಾದ ವಿದ್ಯುತ್ ಸೂಜಿ ಪಡೆದವರಿಗೂ ಹುಸಿ ಪಡೆದವರಿಗೂ ತೊಂದರೆ ಕಡಿಮೆಯೆನಿಸಿತು. ಇಲ್ಲಿಗೇ ನಿಲ್ಲಿಸಿದ್ದರೆ ‘ಎಲ್ಲವೂ ಮನಸ್ಸಿನ ಭ್ರಮೆ’ ಎಂದುಬಿಡಬಹುದಿತ್ತು. ಆದರೆ ಮಣಿಕಟ್ಟಿನ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದಾಗ ಸುಧಾರಣೆ ಕಂಡದ್ದು ನಿಜವಾದ ಸೂಜಿ ಪಡೆದವರಲ್ಲಿ. ಮೆದುಳಿನಲ್ಲಿ ಬೆರಳುಗಳ ನಕ್ಷೆ ಸರಿಹೋದವರಿಗೆ ಮೂರು ತಿಂಗಳ ಬಳಿಕವೂ ಗುಣ ಉಳಿದಿತ್ತು. ಭರವಸೆಯಿಂದ ಬರುವ ಗುಣ ಒಂದು, ನರದಲ್ಲೇ ಆಗುವ ಗುಣ ಇನ್ನೊಂದು. ಎರಡೂ ಇರಬಹುದೆಂಬ ಪಾಠ ಇಲ್ಲಿದೆ.

ಎಲ್ಲ ವರದಿಗಳೂ ಅನುಕೂಲವಾಗಿಲ್ಲ. ಕ್ಯಾನ್ಸರ್ ಔಷಧಿಯಿಂದ ಆಗುವ ನರನೋವನ್ನು ಮೊದಲೇ ತಡೆಯಬಹುದೇ ಎಂದು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನಡೆಸಿದ, 2016ರಲ್ಲಿ ಪ್ರಕಟವಾದ ಅಮೆರಿಕದ ಸಣ್ಣ ಪರೀಕ್ಷೆಯಲ್ಲಿ ವಿದ್ಯುತ್ ಸೂಜಿ ನೋವನ್ನು ತಡೆಯಲಿಲ್ಲ. ಚಿಕಿತ್ಸೆ ಮುಗಿದ ಕೆಲವು ವಾರಗಳ ಮೇಲೆ ನೋಡಿದರೆ ಹುಸಿ ಸೂಜಿಯವರಿಗಿಂತ ನಿಜ ಸೂಜಿಯವರಿಗೇ ನೋವು ಹೆಚ್ಚಿತ್ತು. 2017ರಲ್ಲಿ ಕಾಕ್ರೇನ್ ಸಂಸ್ಥೆ ನರನೋವಿಗೆ ಅಕ್ಯುಪಂಕ್ಚರ್ ಕುರಿತ ಆರು ಪರೀಕ್ಷೆಗಳನ್ನು, ಒಟ್ಟು 462 ರೋಗಿಗಳ ವಿವರಗಳನ್ನು ತೂಗಿ ನೋಡಿ, ಪರವಾಗಿಯಾಗಲೀ ವಿರುದ್ಧವಾಗಿಯಾಗಲೀ ತೀರ್ಪು ಕೊಡಲು ಆಧಾರ ಸಾಲದೆಂದಿತು. ಆ ಆರೂ ಕೈಸೂಜಿಯವು. ವಿದ್ಯುತ್ ಸೂಜಿಯ ಒಂದು ಪರೀಕ್ಷೆಯೂ ಅದರ ಜರಡಿಯಲ್ಲಿ ಉಳಿದಿರಲಿಲ್ಲ.

ನಮ್ಮಲ್ಲಿ ಕಲಿಕೆ

ಭಾರತಕ್ಕೆ ಈ ವಿದ್ಯೆ ಬಂದ ದಾರಿಯೂ ಸ್ವಾರಸ್ಯಕರ. 1938ರಲ್ಲಿ ಯುದ್ಧದಲ್ಲಿ ನೊಂದಿದ್ದ ಚೀನಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತ್ತು. ನಮ್ಮ ವಿಜಾಪುರಕ್ಕೆ ಸಮೀಪದ ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರಲ್ಲೊಬ್ಬರು. ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತದಲ್ಲಿ ಚಿಕಿತ್ಸೆ ಆರಂಭಿಸಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕಾಗಿಯೇ ಕಾಯ್ದೆ ಮಾಡಿತು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು.

ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ವಿಷಯ ಪಠ್ಯವಾಗಿ ಸಿಗುವುದು ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಬಿ.ಎನ್.ವೈ.ಎಸ್. ಪದವಿಯಲ್ಲಿ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಇದು ತೆರೆದಿದೆ. 1989ರಲ್ಲಿ ಆರಂಭವಾದ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಈ ಪದವಿಗೆ ಹೆಸರಾದದ್ದು. ಎಂ.ಬಿ.ಬಿ.ಎಸ್. ಮುಗಿಸಿ ನೋವು ಚಿಕಿತ್ಸೆ, ನರವಿಜ್ಞಾನಗಳತ್ತ ಹೊರಟವರಿಗೂ, ಎಲೆಕ್ಟ್ರಾನಿಕ್ಸ್ ಓದಿದವರಿಗೂ ಇಲ್ಲಿ ಕೆಲಸ ಬೇಕಾದಷ್ಟಿದೆ. ಯಾವ ನರನೋವಿಗೆ ಯಾವ ಆವೃತ್ತಿ, ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಗಟ್ಟಿಯಾದ ಉತ್ತರ ಕೊಡುವ ದೊಡ್ಡ ಪರೀಕ್ಷೆಗಳು ಇನ್ನೂ ಆಗಬೇಕಾಗಿವೆ. ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಕೊಡುವ ಕಡೆಗೆ ಮಾತ್ರ ಹೋಗಬಾರದು. ಮೈಯ ಒಳರಚನೆ ಅರಿಯದವರ ಕೈಯಲ್ಲಿ ಎದೆಭಾಗಕ್ಕೆ ಆಳವಾಗಿ ಇಳಿದ ಸೂಜಿ ಶ್ವಾಸಕೋಶವನ್ನೇ ಚುಚ್ಚಬಲ್ಲದು.

ಹೋಗುವ ಮುನ್ನ

ಚಿಕಿತ್ಸೆಗೆ ಹೋದರೆ ನಡೆಯುವುದು ಇಷ್ಟು. ಕೂದಲಿಗಿಂತ ತುಸು ದಪ್ಪದ ಕೆಲವು ಸೂಜಿಗಳನ್ನು ಚುಚ್ಚುತ್ತಾರೆ. ಎರಡೆರಡು ಸೂಜಿಗಳಿಗೆ ಕ್ಲಿಪ್ಪಿನಿಂದ ತಂತಿ ಸೇರಿಸಿ, ಜುಮ್ಮೆನ್ನುವಷ್ಟು ಮಾತ್ರ ವಿದ್ಯುತ್ ಹಾಯಿಸುತ್ತಾರೆ. ಇಪ್ಪತ್ತು ಮೂವತ್ತು ನಿಮಿಷದ ಕೆಲಸ. ಅಸಹನೀಯವಾಗುವಷ್ಟು ಪ್ರವಾಹ ಬೇಕಿಲ್ಲ, ಹಾಗಾದರೆ ಕೂಡಲೇ ಹೇಳಬೇಕು. ಇದಕ್ಕೆ ಮುನ್ನ ಮನೆಯವರು ಕೆಲವು ಸಂಗತಿಗಳನ್ನು ಗಮನಿಸಬೇಕು.

* ಮೊದಲು ರೋಗ ಯಾವುದೆಂದು ವೈದ್ಯರಿಂದ ಖಚಿತವಾಗಬೇಕು. ಕಾಲಿನ ಬಲ ಕುಗ್ಗುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ. ಸೂಜಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

* ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವಿದ್ಯುತ್ ಸೂಜಿಯಿಂದ ದೂರವಿರಬೇಕು. ಗರ್ಭಿಣಿಯರು, ಮೂರ್ಛೆರೋಗ ಇರುವವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು.

* ಪ್ರತಿ ಸಲವೂ ಹೊಸ ಸೂಜಿ, ಮೊಹರು ಮಾಡಿದ ಪೊಟ್ಟಣದಿಂದ ಕಣ್ಣೆದುರಿಗೇ ತೆಗೆದದ್ದಾಗಿರಬೇಕು.

* ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಅಲ್ಲಿ ಚುಚ್ಚಿದ್ದು, ಸುಟ್ಟದ್ದು ತಿಳಿಯುವುದಿಲ್ಲ. ಚಿಕಿತ್ಸೆಯ ಬಳಿಕ ಪಾದವನ್ನು ದಿನವೂ ನೋಡಿಕೊಳ್ಳಬೇಕು.

* ಇನ್ಸುಲಿನ್, ಸಕ್ಕರೆ ಮಾತ್ರೆ, ನರದ ಔಷಧಿಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ಸೂಜಿ ನೋವನ್ನು ತಗ್ಗಿಸೀತೇ ಹೊರತು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಭಾರವನ್ನು ಹೊರಲಾರದು.

* ಎಷ್ಟು ಸಲ, ಎಷ್ಟು ಖರ್ಚು ಎಂಬುದನ್ನು ಮೊದಲೇ ಕೇಳಿ ಬರೆದುಕೊಳ್ಳಬೇಕು. ನೋವಿಗೆ ದಿನವೂ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಡಬೇಕು. ಎಂಟು ಹತ್ತು ಸಲದ ಮೇಲೂ ಅಂಕ ಇಳಿಯದಿದ್ದರೆ ಮುಂದುವರಿಸುವುದು ಜಾಣತನವಲ್ಲ.

ಈ ಕೊನೆಯ ಕೆಲಸವನ್ನು ಮನೆಯ ವಿದ್ಯಾರ್ಥಿಗಳಿಗೆ ವಹಿಸಬಹುದು. ಒಂದು ನೋಟ್ ಪುಸ್ತಕ, ಪ್ರತಿ ಸಂಜೆ ಒಂದು ಪ್ರಶ್ನೆ, ಒಂದು ಅಂಕ. ತಿಂಗಳ ಕೊನೆಗೆ ನಕ್ಷೆ ಎಳೆದರೆ ಚಿಕಿತ್ಸೆ ನಾಟಿತೋ ಇಲ್ಲವೋ ಎಂಬುದು ಗಾಳಿಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ. ವೈದ್ಯರಿಗೂ ಅದು ಉಪಯುಕ್ತ ದಾಖಲೆ. ಅದಕ್ಕಿಂತ ಮಿಗಿಲಾಗಿ, ಕಣ್ಣಿಗೆ ಕಾಣದ ತಮ್ಮ ನೋವನ್ನು ಮನೆಯಲ್ಲಿ ಒಬ್ಬರಾದರೂ ನಂಬಿ, ಕೇಳಿ, ಬರೆದಿಡುತ್ತಿದ್ದಾರೆಂಬ ಸಮಾಧಾನ ನೋಯುವವರಿಗೆ ಸಿಗುತ್ತದೆ.